ಬಿಚ್ಚಿ ಎಸೆದ ರಬ್ಬರು

"ಎರಡಿಂಚು ಎತ್ತಿದ ಮೇಲೆ ಆ ರಬ್ಬರಿಗೆ ಎಂತ ಕೆಲಸ ಮಾರಾಯ್ರೆ? ಬಿಚ್ಚಿ ಬಿಸಾಡಿ. ಪಟ್ಟಿ ಪೂರ್ತಿ ಆಡ್ತದೆ."

ಕೊಪ್ಪದಲ್ಲಿ ಕೇಳಿ, ಶೃಂಗೇರಿಯಲ್ಲಿ ಕೇಳಿ, ನರಸಿಂಹರಾಜಪುರದಲ್ಲಿ ಕೇಳಿ, ಜೀಪಿನ ಕೆಲಸ ಬಲ್ಲವರೆಂದು ಹೆಸರಾದವರ ಬಾಯಲ್ಲಿ ಇದೇ ಮಾತು. ಗ್ಯಾರೇಜಿನ ಮೇಸ್ತ್ರಿ ಹೇಳುತ್ತಾನೆ. ಟಯರ್ ಅಂಗಡಿಯವನು ತಲೆಯಾಡಿಸುತ್ತಾನೆ. ಹೊಸದಾಗಿ ಥಾರ್ ಕೊಂಡ ಹುಡುಗ ಅದನ್ನೇ ಮತ್ತೆ ನಾಲ್ಕು ಜನಕ್ಕೆ ದಾಟಿಸುತ್ತಾನೆ. ಲಿಫ್ಟ್ ಮಾಡಿಸಿದ ಗಾಡಿಗೆ ಬಂಪ್ ಸ್ಟಾಪ್ ಬೇಡ ಎನ್ನುವುದು ನಮ್ಮ ಮೂರೂ ತಾಲ್ಲೂಕುಗಳಲ್ಲಿ ಈಗ ಹೆಚ್ಚುಕಮ್ಮಿ ಯಾರೂ ಎದುರಾಡದ ಸತ್ಯವಾಗಿ ಕೂತುಬಿಟ್ಟಿದೆ. ನಾನೂ ಎದುರಾಡಲಿಲ್ಲ. ಅದರ ಬೆಲೆ ತೆತ್ತವರು ನಮ್ಮ ಚಿಕ್ಕಮ್ಮ.

ನಮ್ಮನೆಯ ಜೀಪು ಅಪ್ಪನ ಕಾಲದ ಎಂಎಂ 540. ತೋಟಕ್ಕಿಳಿಯುವ ದಾರಿಯಲ್ಲಿ ಪ್ರತಿ ಮಳೆಗಾಲವೂ ಚಕ್ರದ ಜಾಡು ಕೊರಕಲು ಬಿದ್ದು ನಡುವಿನ ದಿಬ್ಬ ಗೇರ್‌ಬಾಕ್ಸಿನ ತಳಕ್ಕೆ ಉಜ್ಜುತ್ತಿತ್ತು. ಸ್ಪ್ರಿಂಗಿಗೆ ಒಂದು ಪಟ್ಟಿ ಸೇರಿಸಿ, ಪಟ್ಟಿಯ ತುದಿಯನ್ನು ಚಾಸಿಗೆ ಕಟ್ಟುವ ಶ್ಯಾಕಲ್ ಉದ್ದ ಮಾಡಿಸಿ, ಎರಡಿಂಚು ಎತ್ತಿಸಿದೆ. ಅದೇ ದಿನ ಮೇಸ್ತ್ರಿ ಹಿಂದಿನ ಎರಡು ಬಂಪ್ ಸ್ಟಾಪ್ ಬಿಚ್ಚಿ ಗ್ಯಾರೇಜಿನ ಮೂಲೆಗೆ ಎಸೆದ. ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷ, ಅಡಿಕೆ ಕೊಯ್ಲಿನ ದಿನಗಳಲ್ಲಿ, ಹಿಂದೆ ಎಂಟು ಚೀಲ ಹೇರಿ, ಬದಿಯ ಸೀಟಿನಲ್ಲಿ ಚಿಕ್ಕಮ್ಮನನ್ನು ಕೂರಿಸಿಕೊಂಡು ಜಯಪುರದ ಕಡೆಯಿಂದ ಕೊಪ್ಪಕ್ಕೆ ಬರುತ್ತಿದ್ದೆ. ಒಂದು ಮೋರಿಯ ಅಂಚು ಕುಸಿದಿತ್ತು. ವೇಗ ಹೆಚ್ಚಿರಲಿಲ್ಲ. ಚಕ್ರ ಇಳಿಯಿತು, ಎದ್ದಿತು, ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಾಯಿತು. ಚಿಕ್ಕಮ್ಮ ಕೂಗಲಿಲ್ಲ. "ಸ್ವಲ್ಪ ನಿಲ್ಸು ಮಗಾ" ಎಂದರು, ಅಷ್ಟೆ. ಬೆನ್ನುಮೂಳೆಯ ಒಂದು ಬಿಲ್ಲೆ ಜಜ್ಜಿಹೋಗಿತ್ತು. ಅವರಿಗಾಗ ಎಪ್ಪತ್ತೊಂದು. ಆಮೇಲೆ ಅವರು ಹಿಂದಿನಂತೆ ನೆಟ್ಟಗೆ ನಿಂತದ್ದನ್ನು ನಾನು ನೋಡಲಿಲ್ಲ.

ಆದ್ದರಿಂದ ಈ ವಿಷಯದಲ್ಲಿ ಎರಡೂ ಕಡೆಯ ಮಾತು ಸಮಾಧಾನದಿಂದ ಕೇಳುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ಮೊದಲು ಆ ರಬ್ಬರು ಯಾವುದೆಂದು ಗೊತ್ತಿರಲಿ. ಜೀಪಿನ ಅಡಿಗೆ ತಲೆಹಾಕಿ ನೋಡಿದರೆ ಚಾಸಿಯ ಕೆಳಮೈಯಲ್ಲಿ, ಎರಡು ಚಕ್ರಗಳ ನಡುವಿನ ಅಚ್ಚನ್ನು ಹೊತ್ತ ಹೌಸಿಂಗಿನ ನೆತ್ತಿಗೆ ಸರಿಯಾಗಿ ಎದುರಾಗಿ, ಬಾಳೆಮೂತಿಯ ತುದಿಯಂತೆ ಮೊನಚಾದ ಕಪ್ಪು ರಬ್ಬರೊಂದು ನೇತಾಡುತ್ತದೆ. ಚಕ್ರ ಮೇಲೇಳುವ ದಾರಿಯ ಕೊನೆಯ ಗಡಿ ಅದು. ಸ್ಪ್ರಿಂಗು ನುಂಗಲಾರದೆ ಉಳಿಸಿದ ಪೆಟ್ಟನ್ನು ಮೊದಲು ತುದಿಯಿಂದ ಮೆತ್ತಗೆ, ಆಮೇಲೆ ಬುಡದಿಂದ ಬಿಗಿಯಾಗಿ ಹಿಡಿದು ನಿಲ್ಲಿಸುತ್ತದೆ. ಮೊನಚಾಗಿ ಮಾಡಿರುವುದೇ ಅದಕ್ಕೆ. 1941ರ ವಿಲ್ಲಿಸ್ ಜೀಪು ಯುದ್ಧದ ಅವಸರದಲ್ಲಿ ಕಟ್ಟಿದ ಗಾಡಿ. ಬಾಗಿಲನ್ನೇ ಬಿಟ್ಟು ಕಟ್ಟಿದರು. ಆ ರಬ್ಬರನ್ನು ಮಾತ್ರ ಬಿಡಲಿಲ್ಲ. 1985ರಲ್ಲಿ ಬಂದ ಜಿಪ್ಸಿಯಲ್ಲೂ ಇತ್ತು, 2010ರ ಥಾರಿನಲ್ಲೂ ಇತ್ತು, 2020ರ ಥಾರಿನಲ್ಲೂ ಇದೆ. ಮುಕ್ಕಾಲು ಶತಮಾನ ಒಬ್ಬ ಎಂಜಿನಿಯರನೂ ಕೈಬಿಡದ ಭಾಗವನ್ನು ನಮ್ಮೂರಿನ ಸ್ಪ್ಯಾನರ್ ಒಂದು ಚಹಾ ಕುಡಿಯುವಷ್ಟರಲ್ಲಿ ಬಿಚ್ಚಿ ಎಸೆಯುತ್ತದೆ. ಯಾವ ಲೆಕ್ಕದ ಮೇಲೆ?

ಲೆಕ್ಕ ಒಂದೇ: "ಎತ್ತಿದ್ದೇವಲ್ಲ, ಜಾಗ ಆಯ್ತಲ್ಲ." ಎಲ್ಲ ಅನರ್ಥಕ್ಕೂ ಈ ಮಾತೇ ತಾಯಿಬೇರು.

ಎತ್ತಿದಾಗ ಜಾಗ ಆಗುವುದು ಗಾಡಿ ನಿಂತಿದ್ದಾಗ. ಎರಡಿಂಚು ಹೆಚ್ಚು ಕಮಾನಿರುವ ಪಟ್ಟಿ ಹಾಕಿದಿರಿ, ಚಾಸಿ ಎರಡಿಂಚು ಮೇಲೆ ಹೋಯಿತು, ಹೌಸಿಂಗಿಗೂ ಚಾಸಿಗೂ ನಡುವೆ ಎರಡಿಂಚು ಜಾಗ ಹೆಚ್ಚಿತು. ಸರಿ. ಆದರೆ ಹೊಂಡಕ್ಕೆ ಇಳಿದು ಎದ್ದ ಚಕ್ರ ಆ ಎರಡಿಂಚನ್ನೂ ದಾಟಿ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತದೆ. ಮಡ್‌ಗಾರ್ಡ್ ಚಾಸಿಯ ಜೊತೆಗಿದೆ, ಎಂಜಿನ್ನಿನ ಸಂಪ್ ಚಾಸಿಯ ಜೊತೆಗಿದೆ, ಶಾಕಿನ ಮೇಲ್ತುದಿ ಚಾಸಿಯ ಜೊತೆಗಿದೆ. ಹೌಸಿಂಗ್ ಚಾಸಿಯ ಹತ್ತಿರ ಎಷ್ಟು ಬರಬಹುದೆಂಬ ಕೊನೆಯ ಅಳತೆ ಲಿಫ್ಟಿನಿಂದ ಒಂದು ನೂಲೂ ಬದಲಾಗುವುದಿಲ್ಲ. ಲಿಫ್ಟ್ ದಾರಿಯನ್ನು ಉದ್ದ ಮಾಡಿತು. ದಾರಿ ಮುಗಿಯುವ ಗೋಡೆಯನ್ನು ಸರಿಸಲಿಲ್ಲ. ಆ ಗೋಡೆಗೆ ಕಟ್ಟಿದ್ದ ರಬ್ಬರನ್ನೂ ಬಿಚ್ಚಿದರೆ ಚಕ್ರ ಕಂಪನಿ ಬಿಟ್ಟಿದ್ದಕ್ಕಿಂತಲೂ ಒಳಗೆ ನುಗ್ಗುತ್ತದೆ. ಎತ್ತಿದ ಗಾಡಿ ಎತ್ತದ ಗಾಡಿಗಿಂತ ಕೆಳಗೆ ಕೂರುತ್ತದೆ. ಇದನ್ನು ತಿಳಿಯಲು ಡಿಗ್ರಿ ಬೇಕೆ? ಒಂದು ಜ್ಯಾಕು, ಒಂದು ಟೇಪು, ಅರ್ಧ ದಿನದ ಪುರುಸೊತ್ತು ಬೇಕು. ಆ ಅರ್ಧ ದಿನವನ್ನು ಯಾರೂ ಕೊಡುತ್ತಿಲ್ಲ.

ಇನ್ನೊಂದು ಭ್ರಮೆಯನ್ನೂ ಇಲ್ಲೇ ಮುರಿಯಬೇಕು. ಸ್ಪ್ರಿಂಗ್ ಎತ್ತಿದರೆ ಹೌಸಿಂಗ್ ನೆಲದಿಂದ ಮೇಲೇಳುತ್ತದೆಂದು ನಂಬಿದವರು ಬೇಕಾದಷ್ಟಿದ್ದಾರೆ. ಇಲ್ಲ. ಹೌಸಿಂಗನ್ನು ನೆಲದಿಂದ ಎತ್ತುವುದು ದೊಡ್ಡ ಟಯರು ಮಾತ್ರ. ಅದಕ್ಕೇ ಲಿಫ್ಟಿನ ಹಿಂದೆಯೇ ಟಯರೂ ಬರುತ್ತದೆ, ಟಯರಿನ ಹಿಂದೆ ಮತ್ತೊಂದು ತಪ್ಪು. 2010ರ ಥಾರ್ ಸಿಆರ್‌ಡಿಇಯ ಕಂಪನಿ ಟಯರು 235/70 ಆರ್16. ಗುಣಿಸಿ ನೋಡಿದರೆ ಅದರ ಅಡ್ಡಗಲ ಸುಮಾರು 735 ಮಿಲಿಮೀಟರ್. ಹುಡುಗರು ಹಾಕಿಸುವ 31 ಇಂಚಿನ ಟಯರಿನ ಅಡ್ಡಗಲ 787. ಅಂದರೆ ಟಯರಿನ ನೆತ್ತಿ ಹಳೆಯದಕ್ಕಿಂತ 26 ಮಿಲಿಮೀಟರ್, ಹತ್ತಿರ ಹತ್ತಿರ ಒಂದು ಇಂಚು, ಮಡ್‌ಗಾರ್ಡಿನ ಕಡೆ ಬೆಳೆದಿದೆ. ಚಕ್ರ ಪೂರ್ತಿ ಎದ್ದಾಗಿನ ಗಡಿ ಹಳೆಯದೇ. ಹಾಗಾದರೆ ಆ 26 ಮಿಲಿಮೀಟರಿಗೆ ಜಾಗ ಎಲ್ಲಿಂದ ಬಂತು? ಬರಲಿಲ್ಲ. ಮಡ್‌ಗಾರ್ಡಿನ ಒಳಮೈ ಕೊಟ್ಟಿತು, ಟಯರಿನ ಭುಜ ಕೊಟ್ಟಿತು, ಕೊನೆಗೆ ಬ್ರೇಕಿನ ಹೋಸು ಕೊಟ್ಟಿತು. ಬಂಪ್ ಸ್ಟಾಪನ್ನು ಒಂದಿಂಚು ಕೆಳಗಿಳಿಸಿದ್ದರೆ ಇದ್ಯಾವುದೂ ಕೊಡಬೇಕಿರಲಿಲ್ಲ.

ಶಾಕಿನ ಕತೆ ಇದಕ್ಕಿಂತ ಕೆಟ್ಟದ್ದು. ಲಿಫ್ಟ್ ಮಾಡಿದ ಮೇಲೆ ಹಳೆಯ ಶಾಕು ಗಿಡ್ಡವಾಗುತ್ತದೆ. ಚಕ್ರ ಇಳಿದಾಗಲೆಲ್ಲ ಅದೇ ಹಗ್ಗದಂತೆ ಎಳೆದು ಹಿಡಿಯುತ್ತದೆ. ಅದಕ್ಕೆ ಉದ್ದದ ಶಾಕು ಹಾಕುತ್ತಾರೆ. ಉದ್ದದ ಶಾಕು ಬಿಚ್ಚಿದಾಗ ಮಾತ್ರ ಉದ್ದವಲ್ಲ, ಮಡಚಿದಾಗಲೂ ಉದ್ದ. ಹಳೆಯದು ಪೂರ್ತಿ ಮಡಚಿದಾಗ 300 ಮಿಲಿಮೀಟರ್ ಇತ್ತು, ಹೊಸದು 330 ಇದೆ ಎಂದಿಟ್ಟುಕೊಳ್ಳಿ. ಹೌಸಿಂಗು ಹಳೆಯ ಗಡಿ ಮುಟ್ಟುವ ಸುಮಾರು ಮೂವತ್ತು ಮಿಲಿಮೀಟರ್ ಮೊದಲೇ ಶಾಕಿನೊಳಗೆ ಜಾಗ ಮುಗಿದಿರುತ್ತದೆ. ಆಮೇಲಿನ ಪೆಟ್ಟೆಲ್ಲ ಯಾರಿಗೆ? ಬೆರಳು ಗಾತ್ರದ ಶಾಕಿನ ರಾಡಿಗೆ, ಒಂದು ಬುಶ್ಶಿಗೆ, ಚಾಸಿಗೆ ಬೆಸೆದ ಒಂದು ಬ್ರ್ಯಾಕೆಟ್ಟಿಗೆ. ಸೀಲು ಒಡೆದು ಎಣ್ಣೆ ಸೋರುತ್ತದೆ, ಕಣ್ಣು ಸೀಳುತ್ತದೆ, ಬ್ರ್ಯಾಕೆಟ್ ಕಿತ್ತು ಬರುತ್ತದೆ. ಬಂದಾಗ ಮೇಸ್ತ್ರಿ ಏನೆನ್ನುತ್ತಾನೆ? "ಕಂಪನಿ ಮಾಲು ಸರಿ ಇಲ್ಲ, ಬೇರೆ ಹಾಕುವ." ಇನ್ನೊಂದು ಜೋಡಿ ಶಾಕು, ಇನ್ನೊಂದು ಬಿಲ್ಲು. ಆ ಹಣದಲ್ಲಿ ನಾಲ್ಕೂ ಮೂಲೆಯ ರಬ್ಬರು ಎಷ್ಟು ಸಲ ಬರುತ್ತಿತ್ತೆಂದು ಕೇಳುವವರಿಲ್ಲ.

ಪಟ್ಟಿಯೂ ಹಾಗೆಯೇ ಸಾಯುತ್ತದೆ. ಶ್ಯಾಕಲ್ ಎರಡಿಂಚು ಉದ್ದ ಮಾಡಿದರೆ ಹೌಸಿಂಗಿನ ಹತ್ತಿರ ಗಾಡಿ ಏಳುವುದು ಒಂದೇ ಇಂಚು. ಪಟ್ಟಿಯ ಒಂದು ತುದಿ ಮಾತ್ರ ಇಳಿದಿರುತ್ತದಲ್ಲ. ಆದರೆ ಗಾಡಿ ಪೂರ್ತಿ ಕುಗ್ಗಿ ಹೌಸಿಂಗು ಹಳೆಯ ಗಡಿಗೆ ಬಂದಾಗ, ತುದಿ ಕೆಳಗಿರುವುದರಿಂದ ಪಟ್ಟಿ ಮೊದಲಿಗಿಂತ ಹೆಚ್ಚು ಹಿಮ್ಮುಖ ಬಾಗಬೇಕು. ಕಮಾನು ತಿರುಗುಮುರುಗಾಗುವ ಆ ಬಾಗು ಮೈನ್ ಲೀಫಿನ ಶತ್ರು. ಸೆಂಟರ್ ಬೋಲ್ಟಿನ ತೂತಿನ ಹತ್ತಿರವೋ ಕಣ್ಣಿನ ಬುಡದಲ್ಲೋ ಕೂದಲೆಳೆಯ ಬಿರುಕು ಬಿಟ್ಟು, ಒಂದು ದಿನ ತುಂಬಿದ ಹೊರೆಯಲ್ಲಿ ಕಟ್ ಎನ್ನುತ್ತದೆ. ಕಾಯಿಲ್ ಸ್ಪ್ರಿಂಗಿನ ಗಾಡಿಗಳಲ್ಲಿ, ಹೊಸ ಥಾರು, ಜಿಮ್ನಿ, ಗೂರ್ಖಾಗಳಲ್ಲಿ, ಸ್ಪ್ರಿಂಗಿನ ಮೇಲೊಂದು ಬಿಲ್ಲೆ ಇಟ್ಟು ಎತ್ತುತ್ತಾರೆ. ಬಿಲ್ಲೆ ಎಷ್ಟು ದಪ್ಪವೋ ಸ್ಪ್ರಿಂಗಿಗೆ ಅಷ್ಟು ಜಾಗ ಕಮ್ಮಿ. ಸುತ್ತಿಗೆ ಸುತ್ತು ತಾಗಿ ಸ್ಪ್ರಿಂಗು ಕಬ್ಬಿಣದ ಕಂಬವಾಗುವುದು ರಬ್ಬರು ಮುಟ್ಟುವ ಮೊದಲೋ, ಆಮೇಲೋ? ಬಿಲ್ಲೆ ಮಾರುವವನಿಗೆ ಈ ಪ್ರಶ್ನೆ ಹಾಕಿ ನೋಡಿ. ನಾನು ಹಾಕಿದ ಮೂವರಲ್ಲಿ ಒಬ್ಬನಿಗೂ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನಾನು ಇಷ್ಟು ವರ್ಷ ಓಡಿಸ್ತಿದೇನೆ, ಒಂದು ದಿನ ತಾಗಿಲ್ಲ" ಎನ್ನುವವರಿದ್ದಾರೆ. ನನ್ನ ಹತ್ತಿರದ ಗೆಳೆಯರೇ ಇದ್ದಾರೆ. ಅವರಿಗೆ ಒಂದೇ ಮಾತು: ಯಾರನ್ನು ಕೂರಿಸಿಕೊಂಡು ಓಡಿಸುತ್ತಿದ್ದೀರಿ? ಒಬ್ಬರೇ ಕೂತು ಕೊಪ್ಪಕ್ಕೆ ಹೋಗಿ ಪೇಪರ್ ತರುವ ಜೀಪಿನಲ್ಲಿ ಹೌಸಿಂಗು ರಬ್ಬರಿನ ಹತ್ತಿರವೂ ಬರುವುದಿಲ್ಲ. ಆದರೆ ಮಲೆನಾಡಿನ ಜೀಪು ಒಬ್ಬರಿಗಾಗಿ ಹುಟ್ಟಿದ್ದಲ್ಲ. ಕೊನೆ ಕೊಯ್ಯುವವರು, ಕಾಫಿ ಬಿಡಿಸುವವರು, ಹನ್ನೆರಡು ಮಂದಿ ಹತ್ತಿದರೆ ತಲಾ ಐವತ್ತೈದು ಕಿಲೋ ಹಿಡಿದರೂ 660 ಕಿಲೋ. ಅದರ ಮೇಲೆ ಬುತ್ತಿ, ಏಣಿ, ದೋಟಿ. ಇಲ್ಲವೇ ಗೊಬ್ಬರ. ಇಲ್ಲವೇ ಸುಲಿದ ಅಡಿಕೆ. ಎತ್ತಿದ ಎರಡಿಂಚನ್ನು ಆ ಹೊರೆ ನಿಂತಲ್ಲೇ ತಿಂದುಹಾಕುತ್ತದೆ. ಮೋರಿ ಬರುವ ಮೊದಲೇ ಗಾಡಿ ಕುಗ್ಗಿ ಕೂತಿದೆ, ಇನ್ನು ಉಳಿದದ್ದು ಸ್ವಲ್ಪವೇ. ಖಾಲಿ ಗಾಡಿಯ ಅನುಭವವನ್ನು ತುಂಬಿದ ಗಾಡಿಗೆ ಹಾಕಿ ಮಾತಾಡುವುದು ಅನುಭವವಲ್ಲ, ಹೊಣೆಗೇಡಿತನ.

ತುಂಬಿದ ಗಾಡಿಯಲ್ಲಿ ಪೆಟ್ಟು ಬೀಳುವುದು ಯಾರಿಗೆ? ಸ್ಟೀರಿಂಗ್ ಹಿಡಿದವನಿಗೆ ಅಲ್ಲ. ಅವನು ಎರಡು ಹೌಸಿಂಗುಗಳ ನಡುವೆ ಕೂತಿದ್ದಾನೆ, ಹೊಂಡ ಬರುವುದು ಅವನಿಗೆ ಕಾಣುತ್ತದೆ, ಮೈ ಗಟ್ಟಿ ಮಾಡಿಕೊಳ್ಳುತ್ತಾನೆ. ಹಿಂದಿನ ಬದಿ ಸೀಟಿನಲ್ಲಿ, ಸರಿಯಾಗಿ ಹಿಂದಿನ ಹೌಸಿಂಗಿನ ನೆತ್ತಿಯ ಮೇಲೆ, ರಸ್ತೆಗೆ ಅಡ್ಡಮುಖವಾಗಿ ಕೂತವರಿಗೆ ಬೀಳುತ್ತದೆ. ಅವರಿಗೆ ರಸ್ತೆ ಕಾಣುವುದಿಲ್ಲ. ಹಿಡಿಯಲು ಒಂದು ಸರಳು, ಕೆಳಗೆ ಎರಡು ಬೆರಳು ದಪ್ಪದ ಸ್ಪಂಜು. ಅಲ್ಲಿ ಕೂರುವವರು ತೋಟದ ಆಳುಗಳು, ಶಾಲೆಗೆ ಹೋಗುವ ಮಕ್ಕಳು, ಆಸ್ಪತ್ರೆಗೆ ಹೊರಟ ಬಸುರಿಯರು, ಮುದುಕಿಯರು. ಲೆಕ್ಕ ಸರಳ: ಸ್ಪ್ರಿಂಗು ಬಿಟ್ಟುಕೊಟ್ಟ ಅದೇ ಪೆಟ್ಟನ್ನು ಐದು ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಒಂದು ಬಲ, ಎರಡು ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಅದರ ಎರಡೂವರೆ ಪಟ್ಟು ಬಲ. ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಸೆಂಟಿಮೀಟರೇ ಉಳಿಯುವುದಿಲ್ಲ. ಆಗ ಬಾಗುವುದು ಚಾಸಿ ಅಥವಾ ಬೆನ್ನು. ಚಾಸಿ ಬಾಗಿದರೆ ಮಾಲೀಕ ಮರುದಿನವೇ ಗ್ಯಾರೇಜಿಗೆ ಓಡುತ್ತಾನೆ. ಆಳುಹೆಂಗಸಿನ ಬೆನ್ನು ಬಾಗಿದರೆ ಅವಳು "ಕೆಲಸ ಮಾಡಿ ಮಾಡಿ ಸೊಂಟ ಹಿಡಿದದ್ದು" ಎಂದು ಎಣ್ಣೆ ತಿಕ್ಕಿಸಿಕೊಂಡು ಮಲಗುತ್ತಾಳೆ. ಮಲೆನಾಡಿನಲ್ಲಿ ಎಷ್ಟು ಸೊಂಟನೋವು ಜೀಪಿನ ಹಿಂದಿನ ಸೀಟಿನಲ್ಲಿ ಹುಟ್ಟಿದ್ದು ಎಂದು ಯಾರಾದರೂ ಒಂದು ಸಲ ಕೇಳಿದ್ದೇವೆಯೇ?

ಹೊರನಾಡಿನ ಹತ್ತಿರ ಕ್ಯಾತನಮಕ್ಕಿ ಬೆಟ್ಟಕ್ಕೆ ಹತ್ತುವ ಜೀಪುಗಳ ಹಿಂದೆ ನಿಂತು ನೋಡಿದ್ದೇನೆ. ಕಲ್ಲಿನಿಂದ ಕಲ್ಲಿಗೆ ಜೀಪು ಕುಪ್ಪಳಿಸಿದಾಗ ಊರಿಂದ ಬಂದ ಮಕ್ಕಳು ಕೂಗಿ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಒಳ್ಳೆಯ ಡ್ರೈವರುಗಳು ಅವರು, ಕಣ್ಣು ಮುಚ್ಚಿ ಕೂಡ ಆ ದಾರಿ ಹತ್ತಬಲ್ಲರು. ಆದರೆ ಕೈಚಳಕ ರಬ್ಬರಿನ ಕೆಲಸ ಮಾಡಲಾರದು.

ಬಿಚ್ಚಿ ಎಸೆಯುವವರನ್ನು ಬೈದು ಮುಗಿಸಿದರೆ ಸಾಲದು. ಅವರಿಗೆ ಎದುರಾಗಿ ಇನ್ನೊಂದು ಪಂಗಡ ಹುಟ್ಟಿದೆ. "ಎಷ್ಟು ಲಿಫ್ಟೋ ಸ್ಟಾಪಿಗೆ ಅಷ್ಟೇ ಉದ್ದದ ಸ್ಪೇಸರ್ ಹಾಕಿ, ತಲೆಬಿಸಿ ಇಲ್ಲ" ಎನ್ನುತ್ತದೆ ಅದು. ಕೇಳಲು ಜಾಣತನದಂತಿದೆ. ಅಳೆಯುವ ಕೆಲಸದಿಂದ ತಪ್ಪಿಸಿಕೊಳ್ಳುವ ಇನ್ನೊಂದು ದಾರಿ ಇದು, ಬೇರೇನಲ್ಲ. ಎರಡಿಂಚು ಎತ್ತಿ, ಸ್ಟಾಪನ್ನೂ ಎರಡಿಂಚು ಇಳಿಸಿದರೆ ಚಕ್ರ ಮೇಲೇಳಲು ಮೊದಲಿದ್ದಷ್ಟೇ ದಾರಿ. ಪಟ್ಟಿ ಮೊದಲಿಗಿಂತ ಬಿರುಸು, ಗಾಡಿಯ ತೂಕ ಮೊದಲಿಗಿಂತ ಎತ್ತರ. ಹೊರೆ ಮಿತಿಮೀರಿದರೆ ಹೌಸಿಂಗು ರಬ್ಬರಿಗೆ ಆತುಕೊಂಡೇ ಓಡುತ್ತದೆ. ಪ್ರತಿ ಗುಂಡಿಯ ಗುದ್ದೂ ಸ್ಟಾಪಿನ ಮೂಲಕ ಚಾಸಿಗೆ ಹೋಗುತ್ತದೆ. ಘಾಟಿಯ ತಿರುವಿನಲ್ಲಿ ಹೊರಬದಿಯ ಚಕ್ರ ಸ್ಟಾಪಿಗೆ ಗಟ್ಟಿಯಾಗಿ ಕೂತರೆ ಆ ಮೂಲೆ ಒಂದೇ ಸಲಕ್ಕೆ ಬಿರುಸಾಗುತ್ತದೆ, ಟಯರು ಹಿಡಿತ ಬಿಡುತ್ತದೆ. ಆಷಾಢದಲ್ಲಿ, ಹಾವಸೆ ಕಟ್ಟಿದ ಡಾಂಬರಿನ ಮೇಲೆ, ಆಗುಂಬೆಯ ತಿರುವಿನಲ್ಲಿ ಹಿಡಿತ ಬಿಟ್ಟ ಜೀಪಿನ ಮುಂದೆ ಏನಿರುತ್ತದೆ ಎಂಬುದು ನಮ್ಮವರಿಗೆ ಗೊತ್ತಿಲ್ಲದ್ದೇ?

ಗಟ್ಟಿ ಪಾಲಿಯುರೆಥೇನ್ ಮಾರುವವರದ್ದೂ ಅದೇ ಜಾತಿಯ ಮಾತು: "ರಬ್ಬರಿಗಿಂತ ಬಾಳಿಕೆ." ಬಾಳಿಕೆ ನಿಜ. ಬಾಳುವುದಕ್ಕಾಗಿಯೇ ಬಂಪ್ ಸ್ಟಾಪ್ ಇರುವುದೇ? ತಾನು ನುಜ್ಜಾಗಿ ಮಿಕ್ಕದ್ದನ್ನು ಉಳಿಸುವುದಲ್ಲವೇ ಅದರ ಕೆಲಸ? ರಬ್ಬರು ಒತ್ತಿದಾಗ ಬದಿಗೆ ಉಬ್ಬಿ ಜಾಗ ಕೊಡುತ್ತದೆ. ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಫೋಮ್ ಜಾತಿಯ ಯುರೆಥೇನ್, ಇಂದಿನ ಕಾರುಗಳ ಶಾಕಿನ ರಾಡಿನ ಮೇಲೆ ಹಳದಿ ಬಣ್ಣದಲ್ಲೋ ಬಿಳಿಯಲ್ಲೋ ಕಾಣುವಂಥದ್ದು, ತನ್ನ ಎತ್ತರದ ಅರ್ಧಕ್ಕಿಂತ ಹೆಚ್ಚು ಕುಗ್ಗಿ ಮತ್ತೆ ಎದ್ದು ನಿಲ್ಲುತ್ತದೆ. ಗಟ್ಟಿ ಪಾಲಿ ಅಷ್ಟು ಕುಗ್ಗುವುದಿಲ್ಲ. ಅದು ಬಣ್ಣ ಬಳಿದ ಕಲ್ಲಿನ ಹತ್ತಿರ ಬರುತ್ತದೆ. ಹಳೆ ಟಯರಿನ ತುಂಡು ಕತ್ತರಿಸಿ ಬೋಲ್ಟು ಹೊಡೆಯುವವರು, ಬೀಟೆಯ ತುಂಡಿಟ್ಟು ಕಟ್ಟುವವರು ಇನ್ನೂ ಇದ್ದಾರೆ. ಮೇಲಿಂದ ಹಾರಿ ಬೀಳುವುದೇ ಕಸುಬಾದ ಮರುಭೂಮಿಯ ರ‍್ಯಾಲಿ ಗಾಡಿಗಳವರು ಏನು ಮಾಡುತ್ತಾರೆ ಗೊತ್ತೇ? ನೈಟ್ರೋಜನ್ ತುಂಬಿದ, ಒಳಗೆ ಎಣ್ಣೆ ಓಡಾಡುವ ಹೈಡ್ರಾಲಿಕ್ ಬಂಪ್ ಸ್ಟಾಪ್‌ಗೆ ಕೈತುಂಬ ಹಣ ಕೊಡುತ್ತಾರೆ. ಅತಿ ಹೆಚ್ಚು ಪೆಟ್ಟು ತಿನ್ನುವವರೇ ಸ್ಟಾಪಿನ ಬಗ್ಗೆ ಅತಿ ಹೆಚ್ಚು ತಲೆಕೆಡಿಸಿಕೊಳ್ಳುತ್ತಾರೆ. ನಾವು ಅವರಿಂದ ಟಯರನ್ನು ಕಲಿತೆವು, ಬಂಪರನ್ನು ಕಲಿತೆವು, ದೀಪದ ಸಾಲನ್ನು ಕಲಿತೆವು. ಇದೊಂದನ್ನು ಕಲಿಯಲಿಲ್ಲ.

ಹಳೆಯ ಥಾರ್ ಸಿಆರ್‌ಡಿಇಯವರಿಗೆ ಬೇರೆಯೇ ಒಂದು ಮೋಸ ನಡೆದಿದೆ. ಅದರ ಮುಂದೆ ಪಟ್ಟಿಯಿಲ್ಲ, ಟಾರ್ಷನ್ ಬಾರ್ ಇದೆ. ಒಂದು ಬೋಲ್ಟ್ ಬಿಗಿ ಮಾಡಿದರೆ ಮೂತಿ ಮೇಲೇಳುತ್ತದೆ. ಪುಕ್ಕಟೆ ಲಿಫ್ಟ್ ಎಂದು ಕರೆಯುತ್ತಾರೆ. ಪುಕ್ಕಟೆಯಲ್ಲ. ಚಕ್ರ ಕೆಳಗಿಳಿಯಲು ಇದ್ದ ದಾರಿಯನ್ನು ಕದ್ದು ಮೇಲೆ ತೋರಿಸಿದ್ದು ಅದು. ಮೇಲಿನ ಆರ್ಮು ಕೆಳಗಿಳಿಯುವ ಗಡಿಯ ಸ್ಟಾಪಿನ ಮೇಲೆ ಹೆಚ್ಚುಕಮ್ಮಿ ಕೂತೇ ಬಿಡುತ್ತದೆ. ಆಮೇಲೆ ಪ್ರತಿ ಗುಂಡಿಯಲ್ಲೂ ಟಕ್, ಟಕ್. "ಬಾಲ್ ಜಾಯಿಂಟ್ ಹೋಗಿದೆ" ಎಂದು ಬದಲಾಯಿಸುತ್ತಾರೆ, ಟಕ್ ನಿಲ್ಲುವುದಿಲ್ಲ. ಮೇಲಿನ ಗಡಿಯಷ್ಟೇ ಕೆಳಗಿನ ಗಡಿಯೂ ಗಡಿ ಎನ್ನುವುದನ್ನು ಆ ಹುಡುಗರಿಗೆ ಯಾರೂ ಹೇಳಿಕೊಟ್ಟಿಲ್ಲ.

ಈ ಅಜ್ಞಾನ ಇಷ್ಟು ನೆಮ್ಮದಿಯಾಗಿ ಬಾಳುವುದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಬಾಯಿಬಿಟ್ಟು ಆಡಲು ಎಲ್ಲರಿಗೂ ಹಿಂಜರಿಕೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಕಾನೂನು ಒಪ್ಪದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡವೋ ಆರು ತಿಂಗಳವರೆಗಿನ ಸಜೆಯೋ ಎಂದಿತು. ಪರಿಣಾಮ ಏನಾಯಿತು? ಲಿಫ್ಟ್ ನಿಲ್ಲಲಿಲ್ಲ, ಬಿಲ್ಲು ನಿಂತಿತು. ಕೆಲಸ ಬಾಗಿಲು ಎಳೆದುಕೊಂಡು ನಡೆಯುತ್ತದೆ. ಕಾಗದವಿಲ್ಲದ ಕೆಲಸಕ್ಕೆ ಅಳತೆಯೂ ಇಲ್ಲ, ಹೊಣೆಯೂ ಇಲ್ಲ. ಬೆನ್ನು ಮುರಿದವರು ಯಾರ ಮುಂದೆ ಹೋಗಿ ನಿಲ್ಲಬೇಕು? ನನಗೆ ಯಾರ ಮುಂದೂ ನಿಲ್ಲಲಾಗಲಿಲ್ಲ. ಬಿಚ್ಚಿಸಿದ್ದು ನನ್ನ ಒಪ್ಪಿಗೆಯಿಂದ, ಓಡಿಸಿದ್ದು ನನ್ನ ಕೈ.

ಹಾಗಾದರೆ ಸರಿಯಾದದ್ದು ಏನು? ಗುಟ್ಟೇನಿಲ್ಲ, ಆಮೇಲೆ ನಾನೇ ಮಾಡಿಸಿದ್ದನ್ನು ಹೇಳುತ್ತೇನೆ. ಜೀಪನ್ನು ಚಾಸಿಯ ಮೇಲೆ ಸ್ಟ್ಯಾಂಡು ಕೊಟ್ಟು ನಿಲ್ಲಿಸಿ, ಪಟ್ಟಿಯನ್ನು ಮೈನ್ ಲೀಫಿಗಷ್ಟೇ ಇಳಿಸಿ, ಬಂಪ್ ಸ್ಟಾಪ್ ತೆಗೆದು, ಹೌಸಿಂಗನ್ನು ಜ್ಯಾಕಿನಿಂದ ನಿಧಾನಕ್ಕೆ ಎತ್ತುತ್ತ ಹೋದೆವು. ಶಾಕು ಪೂರ್ತಿ ಮಡಚುವುದು ಎಲ್ಲಿ, ಟಯರು ಮಡ್‌ಗಾರ್ಡಿಗೆ ತಾಗುವುದು ಎಲ್ಲಿ, ಮುಂದಿನ ಹೌಸಿಂಗು ಸಂಪಿಗೆ ಎಷ್ಟು ಹತ್ತಿರ, ಬ್ರೇಕ್ ಹೋಸು ಎಲ್ಲಿ ಒತ್ತುತ್ತದೆ, ಮೊದಲು ತಾಗುವುದು ಯಾವುದು, ಎಲ್ಲವನ್ನೂ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಒಂದೇ ಬದಿಯನ್ನು ಎತ್ತಿ ಇನ್ನೊಂದನ್ನು ಇಳಿಬಿಟ್ಟು ನೋಡಿದಾಗ ಬೇರೆಯೇ ಜಾಗದಲ್ಲಿ ತಾಗಿತು. ಎರಡೂ ಸ್ಥಿತಿ ನೋಡಲೇಬೇಕು, ಮುಂದಿನ ಚಕ್ರವನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿಯೂ ನೋಡಬೇಕು. ರಬ್ಬರು ಪೂರ್ತಿ ನುಜ್ಜಾದಾಗಲೂ ಶಾಕಿನಲ್ಲಿ ಅರ್ಧ ಇಂಚು ಉಳಿಯುವಂತೆ ಲೆಕ್ಕ ಹಾಕಿದೆವು. ಹಿಂದಕ್ಕೆ 28 ಮಿಲಿಮೀಟರಿನ ಸ್ಪೇಸರ್ ಬೇಕಾಯಿತು, ಮುಂದಕ್ಕೆ 18. ಎತ್ತಿದ್ದು ಎರಡಿಂಚು, ಅಂದರೆ ಐವತ್ತೊಂದು ಮಿಲಿಮೀಟರ್. ಎರಡೂ ಪಂಗಡಗಳ ಸೂತ್ರ ನನ್ನ ಜೀಪಿಗೆ ಸುಳ್ಳಾಯಿತು. ನಿಮ್ಮ ಜೀಪಿಗೆ ಈ ಅಂಕಿಗಳೂ ಸುಳ್ಳಾಗಬಹುದು. ಅದಕ್ಕೇ ಅಳೆಯಿರಿ ಎನ್ನುವುದು.

ಅಷ್ಟಕ್ಕೇ ಮುಗಿಯಲಿಲ್ಲ. ಸ್ಟಾಪಿನ ತುದಿಗೆ ಜೇಡಿಮಣ್ಣಿನ ಮುದ್ದೆ ಮೆತ್ತಿ, ಎಂದಿನ ಹೊರೆ ಹೇರಿ, ಅದೇ ಮೋರಿಯ ದಾರಿಯಲ್ಲಿ ಹೋಗಿಬಂದೆ. ಮುದ್ದೆ ಎಷ್ಟು ಚಪ್ಪಟೆಯಾಗಿದೆ ಎನ್ನುವುದೇ ವರದಿ. ಹೊರೆ ತುಂಬಿ ನಿಂತಾಗ ರಬ್ಬರಿಗೂ ಹೌಸಿಂಗಿಗೂ ನಡುವೆ ಒಂದೂವರೆ ಇಂಚಾದರೂ ಇಲ್ಲದಿದ್ದರೆ ತಪ್ಪು ಪಟ್ಟಿಯದು, ಸ್ಟಾಪಿನದಲ್ಲ; ಸ್ಟಾಪನ್ನು ಕತ್ತರಿಸಿ ಜಾಗ ಮಾಡಿಕೊಳ್ಳುವುದು ಪರಿಹಾರವಲ್ಲ. ಮೆತ್ತಗಿನ, ಉದ್ದದ ಫೋಮ್ ಸ್ಟಾಪು ಬೇಗ ಮುಟ್ಟಿ ನಿಧಾನ ಹಿಡಿಯುತ್ತದೆ, ಹೊರೆಯ ಗಾಡಿಗೆ ಅದೇ ಒಳ್ಳೆಯದು ಎನ್ನುವುದು ನನ್ನ ಅನುಭವ. ಎಣ್ಣೆ, ಕೆಸರು, ಇಲಿಯ ಹಲ್ಲು ಅದನ್ನು ತಿನ್ನುತ್ತವೆ. ವರ್ಷಕ್ಕೊಮ್ಮೆ ಬದಲಿಸಿದರೂ ಮೈನ್ ಲೀಫಿಗಿಂತ ಅಗ್ಗ.

ಇಷ್ಟು ಮಾಡಲು ಅರ್ಧ ದಿನ ಹೋಯಿತು ಅಷ್ಟೆ. ಗ್ಯಾರೇಜಿನವರೇ, ಆ ಅರ್ಧ ದಿನದ ಕೂಲಿ ಕೇಳಿ ತೆಗೆದುಕೊಳ್ಳಿ, ಸಂತೋಷದಿಂದ ಕೊಡುತ್ತೇವೆ. ಆದರೆ ಅಳೆಯದೆ ಎತ್ತಬೇಡಿ. ಗಿರಾಕಿ ಅವಸರ ಮಾಡಿದರೆ ಗಾಡಿಯ ಕೀಲಿ ಕೈಗೆ ಕೊಟ್ಟು ಕಳಿಸಿ. ಬಿಚ್ಚಿ ಎಸೆಯಿರಿ ಎಂಬ ಮಾತು ಇನ್ನು ನಿಮ್ಮ ಬಾಯಿಂದ ಬರಕೂಡದು. ಮಾಲೀಕರೇ, ಲಿಫ್ಟಿಗೆ ಹಣ ಎಣಿಸುವ ಮೊದಲು ಕೇಳಿ: ನನ್ನ ಶಾಕು ಮಡಚಿದಾಗ ಎಷ್ಟು ಉದ್ದ? ಟಯರು ಮೊದಲು ತಾಗುವುದು ಎಲ್ಲಿ? ಸ್ಟಾಪು ಎಷ್ಟು ಇಳಿಸಿದಿರಿ, ಯಾಕೆ ಅಷ್ಟು? ಉತ್ತರ ಗೊತ್ತಿಲ್ಲದ ಕೈಗೆ ಗಾಡಿ ಒಪ್ಪಿಸಬೇಡಿ. ಆಳುಗಳನ್ನು ಹೇರಿಕೊಂಡು ಬರುವ ತೋಟದವರೇ, ಪ್ರವಾಸಿಗಳನ್ನು ಬೆಟ್ಟ ಹತ್ತಿಸುವವರೇ, ನಿಮಗಂತೂ ಕೈಮುಗಿದು ಅಲ್ಲ, ಬೆರಳು ತೋರಿಸಿ ಹೇಳುತ್ತೇನೆ: ಬಾಡಿಗೆಗೋ ಕೂಲಿಗೋ ಇನ್ನೊಬ್ಬರ ಬೆನ್ನನ್ನು ನಿಮ್ಮ ಹೌಸಿಂಗಿನ ಮೇಲೆ ಕೂರಿಸುತ್ತಿದ್ದೀರಿ. ಆ ಬೆನ್ನಿನ ಲೆಕ್ಕ ನಿಮ್ಮದು.

ನಾಳೆ ಬೆಳಿಗ್ಗೆ, ಎಂಜಿನ್ ಶುರು ಮಾಡುವ ಮೊದಲು, ಒಂದು ಗೋಣಿ ಹಾಸಿ ಜೀಪಿನ ಅಡಿಗೆ ಮಲಗಿ. ನಾಲ್ಕು ಮೂಲೆಯಲ್ಲೂ ಕೈ ಹಾಕಿ ಮುಟ್ಟಿ ನೋಡಿ. ರಬ್ಬರು ಇದೆಯೇ, ಸೀಳಿದೆಯೇ, ಇದ್ದ ಜಾಗದಲ್ಲಿ ಬರೀ ಬೋಲ್ಟಿನ ತೂತಿದೆಯೇ. ಒಂದು ಮೂಲೆಯಲ್ಲಿ ತೂತು ಕಂಡರೂ ಆ ದಿನ ಹಿಂದಿನ ಸೀಟಿಗೆ ಯಾರನ್ನೂ ಹತ್ತಿಸಬೇಡಿ.